ಹಗಲು ನಿದ್ದೆಗೊಂದು ಪರದೆ

ಕುಂದಾಣದ ಕಡೆಯ ಆ ಊರಿನಲ್ಲಿ ಹಗಲು ಹೊತ್ತು ಮಲಗುವ ಹಕ್ಕು ಇರುವುದು ಬಾಣಂತಿಗೆ, ಕುಡಿದು ಬಂದವನಿಗೆ ಮತ್ತು ನಾಯಿಗೆ. ಕುಡಿದವನು ಅರಳಿಕಟ್ಟೆಯ ಮೇಲೆ ಬಾಯಿ ತೆರೆದು ಮಲಗಿದ್ದರೆ ದಾಟಿ ಹೋಗುವವರು ದನಿ ತಗ್ಗಿಸುತ್ತಾರೆ. ಎದ್ದರೆ ಮತ್ತೆ ಶುರು ಮಾಡುತ್ತಾನಲ್ಲ ಎಂಬ ಭಯ. ಮಮತ ಈ ಮೂವರಲ್ಲಿ ಯಾರೂ ಅಲ್ಲ. ಅವಳು ರಾತ್ರಿ ಪಾಳಿಯ ಕೆಲಸದವಳು.

ಕೆಲಸ ಏರ್‌ಪೋರ್ಟ್ ಪಕ್ಕದ ದೊಡ್ಡದೊಂದು ಅಡುಗೆಮನೆಯಲ್ಲಿ. ವಿಮಾನದೊಳಗೆ ಕೊಡುವ ಊಟ ಅಲ್ಲಿಂದ ಹೋಗುತ್ತದೆ. ಬೆಲ್ಟಿನ ಮೇಲೆ ತಟ್ಟೆ ಹರಿದು ಬರುತ್ತದೆ, ಮಮತ ಚಮಚ, ಉಪ್ಪಿನ ಪೊಟ್ಟಣ, ಬೆಣ್ಣೆ ಇಟ್ಟು ಮುಂದೆ ಬಿಡುತ್ತಾಳೆ. ವಿಮಾನ ಬೆಳಗಿನ ಜಾವ ಹಾರುವುದರಿಂದ ತಟ್ಟೆ ರಾತ್ರಿಯೇ ಸಿದ್ಧವಾಗಬೇಕು. ಹಾರುವವರಿಗೆ ನಿದ್ದೆಗಣ್ಣಲ್ಲಿ ತಿನ್ನುವ ಅಭ್ಯಾಸ ಇರುವುದರಿಂದ ನಮ್ಮ ಕಡೆಯ ಹೆಂಗಸರಿಗೆ ನಿದ್ದೆಗಣ್ಣಲ್ಲಿ ಜೋಡಿಸುವ ಕೆಲಸ ಸಿಕ್ಕಿದೆ. ಇದನ್ನು ಅಭಿವೃದ್ಧಿ ಎನ್ನುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಮಮತ ಬೆಲ್ಟಿನ ಮುಂದೆ ತೂಕಡಿಸತೊಡಗಿದಳು. ಒಂದು ಇಡೀ ಸಾಲು ತಟ್ಟೆ ಚಮಚವಿಲ್ಲದೆ ದೆಹಲಿಗೆ ಹೋಯಿತು. ಅಲ್ಲಿಯ ತನಕ ಜನ ಉಪ್ಪಿಟ್ಟನ್ನು ಕೈಯಲ್ಲಿ ತಿಂದರಂತೆ. ಅದರಿಂದ ಯಾರೂ ಸಾಯಲಿಲ್ಲ, ಆದರೂ ದೂರು ಬಂತು. ಸೂಪರ್‌ವೈಸರ್ ಅಂಜನ್, ಅವಳಿಗಿಂತ ಚಿಕ್ಕವನು, ಪಕ್ಕಕ್ಕೆ ಕರೆದು ಹೇಳಿದ: "ಅಕ್ಕಾ, ಹಿಂಗೇ ಆದ್ರೆ ನನ್ ಕೈಲಿ ಏನೂ ಇರಲ್ಲ. ಮನೇಲಿ ನಿದ್ದೆ ಮಾಡ್ಕೊಂಡು ಬನ್ನಿ. ಇನ್ನೊಂದ್ಸಲ ತೂಕಡಿಸಿದ್ರೆ ತೆಗೆದ್ಬಿಡ್ತಾರೆ."

ಮನೆಯಲ್ಲಿ ನಿದ್ದೆ ಮಾಡುವುದು. ಹೇಳುವುದು ಸುಲಭ.

ಅಡುಗೆಮನೆ ಬಿಟ್ಟರೆ ಮಮತಳ ಮನೆಗೆ ಮೂರು ಜಾಗ. ಹಾಲಿನಲ್ಲಿ ಟೀವಿ, ಹಿಂದಿನ ಕೋಣೆಯಲ್ಲಿ ಹಸುವಿನ ಬೂಸಾ ಮೂಟೆ, ಉಳಿದದ್ದು ಬೀದಿ ಕಡೆಯ ಕೋಣೆ. ಅದಕ್ಕೊಂದು ದೊಡ್ಡ ಕಿಟಕಿ. ಕಿಟಕಿಗೆ ಸರಳಿದೆ, ಬಾಗಿಲೂ ಇದೆ, ಆದರೆ ಡಿಶ್ಶಿನ ವೈರು ಕಿಟಕಿಯ ಮೂಲಕವೇ ಒಳಗೆ ಬಂದಿರುವುದರಿಂದ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿದರೂ ಮೇಲೆ ಶೀಟು, ಒಳಗೆ ಇಡ್ಲಿಯ ಹಾಗೆ ಬೇಯಬೇಕು. ಕಿಟಕಿಯಾಚೆ ಓಣಿ, ಓಣಿ ಮುಗಿದಲ್ಲಿ ಹಾಲಿನ ಡೇರಿ.

ಮನೆಯ ಮೇಲೆ ವಿಮಾನ ಹೋದರೆ ಅವಳಿಗೆ ಎಚ್ಚರವಾಗುವುದಿಲ್ಲ. ಅದು ದೇವರ ಸಮಾನ, ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಊರವರು ಕರೆಯುತ್ತಾರೆ. ಆ ಊರಿನಲ್ಲಿ ಕಿಟಕಿ ಇರುವುದು ಗಾಳಿಗಲ್ಲ, ಮಾತಿಗೆ. ಬೀಗದ ಕೈ ಕಿಟಕಿಯಲ್ಲಿ ಕೊಡುತ್ತಾರೆ, ಕರಿಬೇವು ಕಿಟಕಿಯಲ್ಲಿ ಈಸಿಕೊಳ್ಳುತ್ತಾರೆ. ಎದುರು ಮನೆಯ ಅಮ್ಮಯಮ್ಮ ಡೇರಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸರಳಿಗೆ ಮುಖ ಒತ್ತುತ್ತಾಳೆ.

"ಮಮತಾ, ಮಲಗಿದ್ದೀಯೇನೇ?"

ಮಮತ ಮುಸುಕೆಳೆದುಕೊಳ್ಳುತ್ತಾಳೆ.

"ಮಮತಾ. ಮಲಗಿದ್ದೀಯಾ ಅಂದೆ."

"ಹ್ಞೂಂ ಅಮ್ಮಯಕ್ಕ, ಮಲಗಿದ್ದೀನಿ."

"ಮಲ್ಕೋ ಮಲ್ಕೋ. ನಿಮ್ಮತ್ತೆ ಎಲ್ಲಿ?"

ಅತ್ತೆ ಮುನಿವೆಂಕಟಮ್ಮ ಅಲ್ಲೇ ಹಿತ್ತಲಲ್ಲಿ ಇರುತ್ತಿದ್ದಳು, ಸೊಸೆ ಮಲಗಿದ್ದಾಳೆ ಎಂಬ ಸುದ್ದಿ ತನ್ನ ಬಾಯಿಂದ ಬೀದಿಗೆ ಹೋಗದಿರಲಿ ಎಂದು ಕಿವಿ ಕೇಳದವಳ ಹಾಗೆ ಹಸುವಿನ ಮೈ ತೊಳೆಯುತ್ತ. ಅವಳ ಪ್ರಕಾರ ಹಗಲು ಹೆಂಗಸು ಮಲಗಿದ ಮನೆಗೆ ಲಕ್ಷ್ಮಿ ಬರುವುದಿಲ್ಲ. ತಿಂಗಳ ಕೊನೆಗೆ ಸೊಸೆಯ ಸಂಬಳ ಬರುತ್ತಿತ್ತು, ಅದು ಬೇರೆ ಮಾತು.

ಕಿಟಕಿಗೆ ಏನಾದರೂ ಹಾಕಬೇಕು ಎಂದು ತೀರ್ಮಾನವಾಯಿತು.

ಮೊದಲು ಹಾಕಿದ್ದು ಹಳೆಯ ಸೀರೆ. ಎಲ್ಲರೂ ಮೊದಲು ಅದನ್ನೇ ಹಾಕುತ್ತಾರೆ. ಅದರ ತೊಂದರೆ ಎಂದರೆ ಅದನ್ನು ಎತ್ತಬಹುದು. ಎತ್ತಲು ಬರುವ ವಸ್ತುವನ್ನು ಊರು ಎತ್ತದೆ ಬಿಡುವುದಿಲ್ಲ. ಅಮ್ಮಯಮ್ಮ ಸರಳಿನೊಳಗೆ ಕೈ ತೂರಿಸಿ, ಸೆರಗು ಸರಿಸಿ, "ಕತ್ಲೆ ಮಾಡ್ಕೊಂಡು ಏನ್ ಮಾಡ್ತಾ ಇದ್ದೀಯೇ?" ಎಂದು ಕೇಳುವುದು ಹೆಚ್ಚಾಯಿತು. ಸೀರೆ ಇಲ್ಲದಾಗ ಇಣುಕದವರೂ ಈಗ ಇಣುಕತೊಡಗಿದರು.

ಗಂಡ ಕಾಂತರಾಜು ಸ್ಕೂಲ್ ವ್ಯಾನ್ ಓಡಿಸುವವನು, ದಾರಿಯಲ್ಲಿ ಸಿಕ್ಕಿದ್ದನ್ನು ಬಿಡುವವನಲ್ಲ. ಗುಲಾಬಿ ಬೆಳೆಯುವವರ ಹತ್ತಿರ ಒಂದು ತುಂಡು ಹಸಿರು ನೆರಳು ಬಲೆ ತಂದ. ಅದು ಗಿಡಕ್ಕೆ ಬೇಕಾದಷ್ಟು ಬೆಳಕನ್ನು ಒಳಗೆ ಬಿಡುವಂತೆ ಮಾಡಿದ ಬಲೆ. ಬಿಟ್ಟಿತು. ಆಮೇಲೆ ಒಂದು ಫ್ಲೆಕ್ಸ್ ತಂದ. ಯಾವುದೋ ಯುವ ನಾಯಕನ ಹುಟ್ಟುಹಬ್ಬದ ಶುಭಾಶಯ, ಹುಟ್ಟುಹಬ್ಬ ಮುಗಿದು ಆರು ತಿಂಗಳಾಗಿತ್ತು, ನಾಯಕ ಇನ್ನೂ ಕಂಬದಲ್ಲಿ ನಗುತ್ತಿದ್ದ.

"ಇದ್ರಲ್ಲಿ ಒಂದು ಹನಿ ಬೆಳಕು ಬರಲ್ಲ ನೋಡು," ಎಂದ ಕಾಂತರಾಜು.

"ಮುಖ ಯಾವ ಕಡೆ ಮಾಡ್ತೀರಾ?"

ಅವನು ಅದನ್ನು ಯೋಚಿಸಿರಲಿಲ್ಲ. ಮುಖ ಹೊರಗೆ ಮಾಡಿ ಕಟ್ಟಿದರು. ಬೆಳಗ್ಗೆ ಎದುರು ಪಕ್ಷದ ಇಬ್ಬರು ಹಿರಿಯರು ಕಿಟಕಿಯ ಮುಂದೆ ನಿಂತು, "ಏನ್ ಕಾಂತರಾಜಣ್ಣ, ಹೇಳ್ದೆ ಕೇಳ್ದೆ ಆ ಕಡೆ ಹೋಗ್ಬಿಟ್ರಾ?" ಎಂದು ವಿಚಾರಿಸಿದರು. ಅವರ ಮನ ಒಲಿಸಲು ಕಾಫಿ ಕೊಡಬೇಕಾಯಿತು, ಕಾಫಿ ಮಾಡಲು ಮಮತ ಏಳಬೇಕಾಯಿತು. ಮುಖ ಒಳಗೆ ಮಾಡಿದರು. ಈಗ ಮಮತ ಮಗ್ಗುಲು ಬದಲಿಸಿದಾಗಲೆಲ್ಲ ನಾಯಕ ಕೈ ಮುಗಿದುಕೊಂಡು ಅವಳನ್ನೇ ನೋಡುತ್ತಿದ್ದ. ಹೊರಗಿನ ಬಿಳಿ ಬದಿಯ ಮೇಲೆ ಹುಡುಗರು ಇದ್ದಿಲಿನಲ್ಲಿ ಮೂರು ಗೆರೆ ಎಳೆದು ವಿಕೆಟ್ ಮಾಡಿಕೊಂಡರು. ಟೆನಿಸ್ ಬಾಲು ಬಿದ್ದರೆ ಫ್ಲೆಕ್ಸ್ ತಮಟೆಯ ಹಾಗೆ ಬಾರಿಸುತ್ತದೆ ಎಂಬುದು ಆ ದಿನ ಗೊತ್ತಾಯಿತು.

ಭಾನುವಾರ ಮಮತ ಒಬ್ಬಳೇ ದೇವನಹಳ್ಳಿಗೆ ಹೋಗಿ ಆದಿನಾರಾಯಣಪ್ಪನವರ ಪರದೆ ಅಂಗಡಿಯ ಮೆಟ್ಟಿಲು ಹತ್ತಿದಳು.

ಆದಿನಾರಾಯಣಪ್ಪ ಹೂವಿನದು ತೋರಿಸಿದರು, ನವಿಲಿನದು ತೋರಿಸಿದರು, ಮದುವೆಯ ಚಪ್ಪರದಂತೆ ಹೊಳೆಯುವ ಬಲೆಯದನ್ನು ಬೆರಳ ತುದಿಯಲ್ಲಿ ತೂಗಿದರು.

"ಹಾಲಿಗೇನಮ್ಮ?"

"ಇಲ್ಲ, ಮಲಗೋ ಕೋಣೆಗೆ."

"ಮಲಗೋ ಕೋಣೆಗೆ ಯಾಕಮ್ಮ ಖರ್ಚು ಮಾಡ್ತೀರಾ, ಬಂದೋರು ನೋಡೋದು ಹಾಲು."

"ಯಾರೂ ನೋಡಬಾರ್ದು ಅಂತ್ಲೇ ಹಾಕ್ತಾ ಇರೋದು. ಬಿಸಿಲೂ ನೋಡಬಾರ್ದು."

ಅವರು ಕನ್ನಡಕ ಮೇಲೆ ಮಾಡಿದರು. ಪರದೆಯಿಂದ ಇಷ್ಟನ್ನೇ ಕೇಳಿದ ಗಿರಾಕಿ ಅವರಿಗೆ ಹೊಸದು. ಒಳಗಿನಿಂದ ಒಂದು ದಪ್ಪ ಸುರುಳಿ ಎಳೆದು ತಂದರು. ಹೋಟೆಲ್‌ಗೆಂದು ತರಿಸಿದ ಬಟ್ಟೆ. ಹಿಂಬದಿಗೆ ರಬ್ಬರಿನಂಥ ಲೇಪ. ಬಣ್ಣ ಸರಿಯಿಲ್ಲವೆಂದು ಹೋಟೆಲಿನವರು ಬಿಟ್ಟುಹೋಗಿದ್ದರಂತೆ. ಅರಿಸಿನದ ಬಣ್ಣ. ಮಮತ ಬಣ್ಣ ನೋಡಲಿಲ್ಲ. ಬಟ್ಟೆಯ ಒಂದು ತುದಿ ತಲೆಯ ಮೇಲೆ ಮುಸುಕು ಹಾಕಿಕೊಂಡು ಅಂಗಡಿಯ ನಡುವೆ ನಿಂತಳು. ಕತ್ತಲೆ. ಒಳ್ಳೆಯ, ಗಟ್ಟಿ ಕತ್ತಲೆ. ಸ್ವಲ್ಪ ಹೊತ್ತಾದರೂ ಅವಳು ಮುಸುಕು ತೆಗೆಯದಿದ್ದಾಗ ಆದಿನಾರಾಯಣಪ್ಪ, "ಏನಮ್ಮ, ತಲೆ ಸುತ್ತು ಬಂತಾ?" ಎಂದು ಕೇಳಬೇಕಾಯಿತು. ಅವಳು ನಿಂತಲ್ಲೇ ನಿದ್ದೆ ಹೋಗಿದ್ದಳು.

"ಇದೇ ಕೊಡಿ," ಎಂದಳು.

ಪರದೆ ಕಟ್ಟುವ ವಿಧಾನವನ್ನೂ ಅವಳೇ ಹೇಳಿದಳು. ಮೇಲೆ ನಾಲ್ಕು ಬೆರಳು ಜಾಗ ಬಿಡಬೇಕು, ಕಿಟಕಿಯ ಮೇಲಿನ ಸಜ್ಜೆಯ ಕೆಳಗಿನಿಂದ ಗಾಳಿ ಬರಲಿ. ಡಿಶ್ಶಿನ ವೈರೂ ಅಲ್ಲೇ ಹೋಗಲಿ. ಬದಿಗೆ ಮರದ ರೀಪರ್ ಪಟ್ಟಿ ಹೊಡೆಯಬೇಕು. ಕೆಳಗಿನ ಅಂಚಿಗೆ ಕಬ್ಬಿಣದ ಕಡ್ಡಿ ಹೊಲಿದು ಎರಡು ಕೊಕ್ಕೆಗೆ ಸಿಗಿಸಬೇಕು, ಹೊರಗಿನಿಂದ ಯಾವ ಕೈಯೂ ಎತ್ತಬಾರದು. ಕಾಂತರಾಜು ಹೇಳಿದಂತೆ ಮಾಡಿದ. ಅತ್ತೆಗೆ ಇನ್ನೊಂದು ಮಾತು ಹೇಳಿದಳು: ಮುಚ್ಚಿದ ಕೋಣೆಯಲ್ಲಿ ಮೆಣಸಿನಕಾಯಿ ಘಾಟು ನಿಲ್ಲುತ್ತದೆ, ಕೆಮ್ಮು ಬರುತ್ತದೆ, ಒಗ್ಗರಣೆಯನ್ನು ತಾನು ಎದ್ದ ಮೇಲೆ ಹಾಕಿದರೆ ಸಾಕು. ಮುನಿವೆಂಕಟಮ್ಮ, "ಒಗ್ಗರಣೆಗೂ ನಿನ್ ಪರ್ಮಿಷನ್ ಬೇಕೇನಮ್ಮ," ಎಂದಳು. ಆದರೆ ಹಾಕಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅಮ್ಮಯಮ್ಮ ಎಂದಿನಂತೆ ಸರಳಿಗೆ ಮುಖ ಒತ್ತಲು ಬಂದವಳು ಹೆಜ್ಜೆ ಹಿಂದಿಟ್ಟಳು.

ಹಗಲು ಹೊತ್ತು ಮುಚ್ಚಿದ ಕಿಟಕಿ. ಅದರ ತುಂಬ ಅರಿಸಿನದ ಬಟ್ಟೆ. ಒಳಗೆ ಎದ್ದು ಓಡಾಡುವ ವಯಸ್ಸಿನ ಹೆಂಗಸು ಮಲಗಿದ್ದಾಳೆ. ಅಡುಗೆಮನೆಯಿಂದ ಒಗ್ಗರಣೆಯ ಘಾಟು ಇಲ್ಲ. ಬೇಸಿಗೆ ಬೇರೆ ಹತ್ತಿರ ಬಂದಿದೆ, ಆವತಿಯ ಕಡೆ ಇಬ್ಬರು ಮಕ್ಕಳಿಗೆ ಬಂದಿದೆಯೆಂದು ಸುದ್ದಿ. ಅಮ್ಮಯಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸೀತಾಳೆ ಸಿಡುಬೋ ದಡಾರವೋ, ಯಾವುದು ಎದ್ದರೂ ನಮ್ಮ ಕಡೆ ಅದನ್ನು ರೋಗವೆನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆಯ ವಾಸನೆ ಆಗದು, ಜೋರು ಮಾತು ಆಗದು. ಹೊರಗಿನವರು ಒಳಗೆ ಕಾಲಿಡರು, ಮಲಗಿದವರ ಹೆಸರನ್ನು ಕೂಗಿ ಕರೆಯರು.

ಅವಳು ಒಂದು ಹಿಡಿ ಬೇವಿನ ಸೊಪ್ಪನ್ನೂ ಎಳನೀರನ್ನೂ ತಂದು ಹೊಸಿಲಿನಾಚೆ ಇಟ್ಟು, ಹಿತ್ತಲಿಗೆ ಬಂದು ಪಿಸುಗುಟ್ಟಿದಳು.

"ತಾಯಿ ಯಾವತ್ತು ಎದ್ಲು, ಮುನಿವೆಂಕಟಕ್ಕ?"

ಮುನಿವೆಂಕಟಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಯಿತು. ಅಲ್ಲ ಎನ್ನಲು ಬಾಯಿ ತೆರೆದಳು. ಅಲ್ಲ ಎಂದರೆ ಮುಂದಿನ ಪ್ರಶ್ನೆ, ಮತ್ತೇನು ಮಾಡ್ತಾವ್ಳೆ ಒಳಗೆ? ಅದಕ್ಕೆ ಉತ್ತರ ಒಂದೇ. ಆ ಉತ್ತರವನ್ನು ಅವಳು ಇಷ್ಟು ವರ್ಷ ಹಸುವಿನ ಹಿಂದೆ ನಿಂತು ಬಚ್ಚಿಟ್ಟಿದ್ದಳು. ಬಾಯಿ ಮುಚ್ಚಿದಳು.

"ಏನೂ ಮಾತಾಡಬ್ಯಾಡ ಬಿಡು," ಎಂದಳು ಅಮ್ಮಯಮ್ಮ, ಕೆನ್ನೆ ಬಡಿದುಕೊಂಡು. "ತಣ್ಣಗೆ ಇಳಿದು ಹೋಗ್ಲಿ."

ಅಂದಿನಿಂದ ಓಣಿ ತಣ್ಣಗಾಯಿತು. ಹುಡುಗರನ್ನು ಓಡಿಸಿದರು. ಸೊಪ್ಪಿನ ಗಾಡಿಯವನು ತಿರುವಿನಲ್ಲೇ ಮೈಕು ಆಫ್ ಮಾಡಿ, ಗಾಡಿಯನ್ನು ತಳ್ಳಿಕೊಂಡು ದಾಟತೊಡಗಿದ. ಡೇರಿಯಲ್ಲಿ ಕ್ಯಾನುಗಳನ್ನು ಎಸೆಯುವುದು ಬಿಟ್ಟು ಇಡತೊಡಗಿದರು. ಡೇರಿ ಶುರುವಾದಾಗಿನಿಂದ ಕ್ಯಾನನ್ನು ಹಾಗೆ ಇಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಊರಿಗೆ ಸುಮ್ಮನಿರಲು ಬರುತ್ತಿತ್ತು. ದುಡಿದು ಬಂದವಳಿಗಾಗಿ ಸುಮ್ಮನಿರಲು ಬರುತ್ತಿರಲಿಲ್ಲ, ಅಷ್ಟೆ.

ಮಮತ ಮಲಗಿದಳು. ಮಧ್ಯಾಹ್ನ ದಾಟಿದರೂ ಏಳದೆ, ಕನಸು ಕೂಡ ಬೀಳದೆ ಮಲಗಿದಳು. ಎದ್ದಾಗ ತಾನು ಯಾವ ಊರಲ್ಲಿದ್ದೇನೆಂದು ನೆನಪು ಮಾಡಿಕೊಳ್ಳಬೇಕಾಯಿತು. ರಾತ್ರಿ ಬೆಲ್ಟಿನ ಮೇಲೆ ಚಮಚ ತಪ್ಪಲಿಲ್ಲ, ಬೆಣ್ಣೆ ತಪ್ಪಲಿಲ್ಲ. ಅಂಜನ್, "ಅಕ್ಕಾ, ಸೂಪರ್," ಎಂದ. ಅಮ್ಮಯಮ್ಮ ಬಂದುಹೋದದ್ದನ್ನು ಅತ್ತೆ ಹೇಳಿರಲಿಲ್ಲ, ಅವಳು ಇದೆಲ್ಲ ಪರದೆಯ ಮಹಿಮೆ ಎಂದುಕೊಂಡಳು. ಲೈನಿನ ಹೆಂಗಸರಿಗೆಲ್ಲ ಆ ಬಟ್ಟೆಯನ್ನೇ ಕೊಳ್ಳಿರೆಂದು ಹೇಳಿದಳು. "ಬೆಳಕು ಮಾತ್ರ ಅಲ್ಲ ಕಣ್ರೇ, ಸದ್ದನ್ನೂ ಕುಡಿದುಬಿಡುತ್ತೆ." ಆದಿನಾರಾಯಣಪ್ಪನವರಿಗೆ ಇಬ್ಬರು ಗಿರಾಕಿಗಳು ಸಿಕ್ಕಿದರು.

ಅಮ್ಮ ಬಂದವಳು ದಿನಾ ಸಂಜೆ ಕತ್ತಲಾದ ಮೇಲೆ ಗಂಡನ ಬೈಕಿನಲ್ಲಿ ಕ್ರಾಸಿಗೆ ಹೋಗಿ ಕಂಪನಿಯ ವ್ಯಾನು ಹತ್ತುವುದನ್ನು ಊರು ಗಮನಿಸಲಿಲ್ಲ. ಹೋಗುವುದು ಧಾರಾವಾಹಿಯ ಹೊತ್ತು, ಬರುವುದು ಬೆಳಕು ಹರಿಯುವ ಮೊದಲು. ಗಮನಿಸಿದವನು ದೇವರಾಜ್. ಅವನದು ಪಕ್ಕದ ಓಣಿ, ಅದೇ ಅಡುಗೆಮನೆಯ ಸ್ಟೋರಿನಲ್ಲಿ ಕೆಲಸ, ಆ ವಾರ ಅವನಿಗೂ ರಾತ್ರಿ ಪಾಳಿ ಬಿದ್ದಿತ್ತು. ವ್ಯಾನಿನಲ್ಲಿ ಮಮತಳನ್ನು ಕಂಡವನೇ ಮುಂದಿನ ಸೀಟಿಗೆ ಹೋಗಿ ಕೂತ. ಕೆಟ್ಟವನಲ್ಲ. ಮನೆಯಲ್ಲಿ ಸಣ್ಣ ಮಗುವಿದೆ. ಇಳಿದ ತಕ್ಷಣ ಅಂಜನ್‌ಗೆ ಹೇಳಿದ: ಅಮ್ಮ ಬಂದಿರೋ ಹೆಂಗ್ಸು ಊಟದ ತಟ್ಟೆ ಮುಟ್ತಾವ್ಳೆ.

ಅಂಜನ್ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ. ಮಮತ ತೋಳು ತೋರಿಸಿದಳು, ಕತ್ತು ತೋರಿಸಿದಳು. ಒಂದು ಗುಳ್ಳೆ ಇರಲಿಲ್ಲ. ಮಾರನೆಯ ದಿನ ಡಾಕ್ಟರ ಸರ್ಟಿಫಿಕೇಟನ್ನೂ ಒಯ್ದಳು. ಅಂಜನ್ ಓದಿದ, ತಲೆ ಕೆರೆದುಕೊಂಡ.

"ಅಕ್ಕಾ, ಇದು ಆಫೀಸಿಗೆ ಸಾಕು. ಲೈನಲ್ಲಿ ನಿಮ್ಮ ಪಕ್ಕ ಯಾರೂ ನಿಲ್ಲಲ್ಲ ಅಂತಾವ್ರೆ. ನಿಮ್ಮ ಊರೋರೇ ಹೇಳ್ತಾ ಇದ್ದಾರಂತೆ, ಎದುರು ಮನೆಯೋರು ಕೇಳ್ದಾಗ ನಿಮ್ಮತ್ತೆನೇ ಒಪ್ಕೊಂಡವ್ರಂತೆ. ಡಾಕ್ಟ್ರು ಏನ್ ಬರೆದ್ರೂ ಇವ್ರು ಕೇಳಲ್ಲ. ಊರಿನ ಮಾತು ಸರಿ ಮಾಡ್ಕೊಂಡ್ ಬನ್ನಿ. ಅಲ್ಲೀತನಕ ಆ ಜಾಗಕ್ಕೆ ಬೇರೆಯೋರನ್ನ ಹಾಕ್ಲೇಬೇಕು, ಹೆಚ್ಚು ದಿನ ಆದ್ರೆ ಅವ್ರೇ ಖಾಯಂ."

ಮಮತ ಮನೆಗೆ ಬಂದು ಪರದೆಯ ಮುಂದೆ ನಿಂತಳು. ಮೊದಲ ಸಲ ಅದರ ಬಣ್ಣ ನೋಡಿದಳು. ಆಮೇಲೆ ಹಿತ್ತಲಿಗೆ ಹೋದಳು.

"ಅತ್ತೆ, ಅಮ್ಮಯಕ್ಕ ಕೇಳ್ದಾಗ ಅಲ್ಲ ಅಂತ ಯಾಕೆ ಹೇಳ್ಲಿಲ್ಲ?"

ಮುನಿವೆಂಕಟಮ್ಮ ಸಗಣಿ ಬಾಚುವುದನ್ನು ನಿಲ್ಲಿಸಲಿಲ್ಲ. "ಏನಂತ ಹೇಳ್ಲಿ? ನನ್ ಸೊಸೆ ಹಗಲೊತ್ತು ಬಿದ್ಕೊಂಡವ್ಳೆ ಅಂತ್ಲಾ?"

"ಹ್ಞೂಂ. ಹಂಗೇ ಹೇಳ್ಬೇಕಿತ್ತು."

"ಮರ್ಯಾದೆ ಹೋಗಲ್ವೇನೇ?"

"ಮೈ ತುಂಬ ಗುಳ್ಳೆ ಎದ್ದು ಬಿದ್ಕೊಂಡ್ರೆ ಮರ್ಯಾದೆ. ರಾತ್ರಿಯೆಲ್ಲ ನಿಂತು ದುಡಿದು ಬಿದ್ಕೊಂಡ್ರೆ ಮರ್ಯಾದೆ ಹೋಗುತ್ತೆ. ಅಲ್ವಾ?"

ಮುನಿವೆಂಕಟಮ್ಮ ಬಾಚಿದ ಸಗಣಿಯನ್ನು ಮಂಕರಿಗೆ ತುಂಬತೊಡಗಿದಳು.

"ಕೆಲ್ಸ ಹೋಗುತ್ತೆ ಅತ್ತೆ," ಎಂದಳು ಮಮತ. ದನಿ ಏರಿಸಲಿಲ್ಲ. "ನಾನು ಹೇಳಿದ್ರೆ ಯಾರೂ ನಂಬಲ್ಲ, ಮುಚ್ಚಿಡ್ತಾವ್ಳೆ ಅಂತಾರೆ. ಒಪ್ಕೊಂಡೋರು ನೀವು. ನೀವೇ ಹೇಳ್ಬೇಕು."

ಮುದುಕಿ ಮಂಕರಿ ಹೊತ್ತು ತಿಪ್ಪೆಗೆ ಹೋದಳು. ಅಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಇದೇ ಮುನಿವೆಂಕಟಮ್ಮ ಹೆರಿಗೆಯಾದ ವಾರಕ್ಕೇ ಹಸು ಕರೆಯಲು ಎದ್ದವಳು. ಕೂತರೆ ಬಯ್ಯುತ್ತಿದ್ದ ಅತ್ತೆಯ ಕೈಕೆಳಗೆ ಸವೆದವಳು. ಅವಳಿಗೆ ಸಿಗದ್ದನ್ನು ಇನ್ನೊಬ್ಬಳಿಗೆ ಕೊಡಿಸಬೇಕೆಂದು ಕೇಳುವುದು ದೊಡ್ಡ ಮಾತೇ. ನಮ್ಮ ಹೆಂಗಸರು ದಣಿವನ್ನು ಒಡವೆಯ ಹಾಗೆ ಸೊಸೆಗೆ ದಾಟಿಸುತ್ತಾರೆ, ಅದಕ್ಕೆ ಸಂಪ್ರದಾಯವೆಂದು ಹೆಸರಿಡುತ್ತಾರೆ. ಗಂಡಸರು ಆ ಸಂಪ್ರದಾಯಕ್ಕೆ ಅಡ್ಡಿ ಬರುವುದಿಲ್ಲ.

ಸಂಜೆ ಡೇರಿಯ ಮುಂದೆ ಸಾಲು ನಿಂತಿತ್ತು. ಮುನಿವೆಂಕಟಮ್ಮ ಹಾಲಿನ ಕ್ಯಾನು ಹಿಡಿದು ಬಂದಾಗ ಜನ ಸ್ವಲ್ಪ ಸರಿದು ದಾರಿ ಬಿಟ್ಟರು. ಅಮ್ಮಯಮ್ಮ ಮೆಲ್ಲಗೆ ಕೇಳಿದಳು, "ಅಕ್ಕ, ನೀರು ಯಾವತ್ತು ಹಾಕ್ತೀರಾ? ಮಂಗಳವಾರ ಆದ್ರೆ ನಾನು ಬೇವಿನ ಸೊಪ್ಪು ತರ್ತೀನಿ." ಅಮ್ಮ ಇಳಿದ ಮೇಲೆ ಬೇವಿನ ನೀರು ಹುಯ್ಯುವುದು ವಾಡಿಕೆ.

"ನೀರು ಹಾಕೋದು ಏನೂ ಇಲ್ಲ," ಎಂದಳು ಮುನಿವೆಂಕಟಮ್ಮ. "ಅಮ್ಮ ಬಂದಿಲ್ಲ."

"ಮತ್ತೆ?"

"ಮಮತ ನಿದ್ದೆ ಮಾಡ್ತಾವ್ಳೆ."

ಹಾಲು ಅಳೆಯುತ್ತಿದ್ದವನ ಕೈ ನಿಂತಿತು.

"ಹಗಲೊತ್ತಾ?" ಎಂದಳು ಅಮ್ಮಯಮ್ಮ.

"ಹಗಲೊತ್ತೇ. ರಾತ್ರಿ ಕೆಲ್ಸಕ್ಕೆ ಹೋಗ್ತಾಳೆ, ಹಗಲು ಮಲಗ್ತಾಳೆ. ಅದು ಕಿಟಕಿ ಬಟ್ಟೆ, ಅಂಗಡೀದು. ತಾಯೀದಲ್ಲ."

ಹಿಂದಿನಿಂದ ಯಾರೋ ನಕ್ಕರು. ಅಮ್ಮಯಮ್ಮ ನಗಲಿಲ್ಲ. "ನಾನು ಮುತ್ಯಾಲಮ್ಮಂಗೆ ಹರಕೆ ಕಟ್ಕೊಂಡಿದ್ದೀನಿ ಕಣಕ್ಕ, ನಿನ್ ಸೊಸೆಗೆ ವಾಸಿಯಾಗ್ಲಿ ಅಂತ. ಇಷ್ಟು ದಿನ ಗೇಟು ಕೂಡ ಸದ್ದಿಲ್ದಂಗೆ ಹಾಕ್ತಾ ಇದ್ದೆ. ತಾಯಿ ಹೆಸರಲ್ಲಿ ಸುಳ್ಳಾ?"

"ಸುಳ್ಳು ನಾನು ಹೇಳ್ಲಿಲ್ಲ. ನೀನು ಅಂದೆ, ನಾನು ಸುಮ್ನಿದ್ದೆ. ಸುಮ್ನಿದ್ದದ್ದು ತಪ್ಪಾಯ್ತು. ತಂಪು ಮಾಡಿಸಿ ತಾಯಿಗೆ ಮೊಸರನ್ನ ಇಟ್ಬಿಡ್ತೀನಿ, ತಪ್ಪು ನಂದು." ಅವಳು ಸಾಲಿನಲ್ಲಿ ಕಣ್ಣಾಡಿಸಿದಳು. "ದೇವರಾಜ, ಬಾರೋ ಇಲ್ಲಿ. ಆ ಅಂಜನೋ ಗಿಂಜನೋ, ಅವನಿಗೆ ಫೋನ್ ಹಚ್ಚು."

"ಯಾಕಜ್ಜಿ?"

"ಹಚ್ಚು ಅಂದೆ. ಸ್ಪೀಕರ್ ಹಾಕು. ಎಲ್ರೂ ಕೇಳ್ಲಿ."

ದೇವರಾಜ್ ಹಚ್ಚಿದ. ಅಂಜನ್ ಹಲೋ ಎಂದಾಗ ಮುನಿವೆಂಕಟಮ್ಮ ಫೋನನ್ನು ಹಸುವಿನ ಕಿವಿಗೆ ಮಾತಾಡುವಂತೆ ಬಾಯಿಗೆ ಹಿಡಿದು, "ಏನಪ್ಪಾ, ನಾನು ಮಮತಳ ಅತ್ತೆ. ಅವಳಿಗೆ ಏನೂ ಬಂದಿಲ್ಲ. ಹಗಲೆಲ್ಲ ನಿದ್ದೆ ಮಾಡ್ತಾಳೆ, ಗೊರಕೇನೂ ಹೊಡೀತಾಳೆ. ಇಲ್ಲಿ ಊರೇ ನಿಂತು ಕೇಳ್ತಾ ಐತೆ. ನಿನ್ ಹೆಂಗಸರಿಗೆ ಹೇಳು," ಎಂದು ಹೇಳಿ ಫೋನನ್ನು ಹಿಂದಕ್ಕೆ ಕೊಟ್ಟು, ತನ್ನ ಹಾಲು ಅಳೆಸಿಕೊಂಡು ಮನೆಗೆ ಬಂದಳು. ಗೊರಕೆಯ ವಿಷಯ ಮಮತಳಿಗೆ ಎರಡು ದಿನ ಬೇಜಾರಿತ್ತು. ಕೆಲಸ ಉಳಿಯಿತು.

ಮೌನ ಉಳಿಯಲಿಲ್ಲ. ಮಾರನೆಯ ಬೆಳಗ್ಗೆಯೇ ಊರು ಬಾಕಿಯಿದ್ದ ಗದ್ದಲವನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡಲು ಇಳಿಯಿತು. ಮೋಸ ಹೋದೆವೆಂಬ ಸಿಟ್ಟು ಬೇರೆ. ಡಾಕ್ಟರು, ದೇವರು, ಕುಡುಕ ಇವರಿಗೆ ದನಿ ತಗ್ಗಿಸುವವರು, ಕೂಲಿಯವಳಿಗೆ ತಗ್ಗಿಸಿದೆವಲ್ಲ ಎಂದು ನಾಚಿಕೊಂಡರು. ಅಮ್ಮಯಮ್ಮ ಗೇಟನ್ನು ಎರಡೆರಡು ಸಲ ಹಾಕತೊಡಗಿದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಮುನಿವೆಂಕಟಮ್ಮ ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಹಿತ್ತಲು ಬಿಟ್ಟು ಬೀದಿ ಜಗಲಿಯ ಮೇಲೆ, ಕಿಟಕಿಯ ಕೆಳಗೇ ಬಂದು ಕೂತಳು. ಯಾರೂ ಕರೆದಿರಲಿಲ್ಲ. ಸೊಸೆಗೂ ಹೇಳಲಿಲ್ಲ.

"ಲೇ, ಆ ಕಡೆ ಹೋಗಿ ಆಡ್ರೋ. ಒಳಗೆ ಮಲಗವ್ರೆ."

"ಏನಜ್ಜಿ, ಹಗಲೊತ್ತು," ಎಂದ ಒಬ್ಬ.

"ಹ್ಞೂಂ, ಹಗಲೊತ್ತು. ನಿಮ್ಮಪ್ಪ ಕಟ್ಟೆ ಮೇಲೆ ಮಲಗೋದು ಯಾವೊತ್ತು? ಹೋಗಿ ಕೇಳು."

ಅಮ್ಮಯಮ್ಮ ಎದುರಿನಿಂದಲೇ ಕೂಗಿದಳು, "ಭಾಳ ಆಯ್ತು ಬಿಡು ಮುನಿವೆಂಕಟಕ್ಕ, ಸೊಸೇನ ತೊಟ್ಲಲ್ಲಿ ಹಾಕಿ ತೂಗು."

"ತೂಗ್ತೀನಿ ಕಣೇ, ನೀನು ಬಂದು ಜೋಗುಳ ಹಾಡು."

ಹೀಗೆ ಶುರುವಾದರೆ ಬೇಗ ಮುಗಿಯುತ್ತಿರಲಿಲ್ಲ. ಒಂದು ಮಾತು ಕೂಗಿ ಹೋಗುತ್ತಿದ್ದವರು ಈಗ ನಿಂತು ಜಗಳವಾಡುತ್ತಿದ್ದರು. ಮುನಿವೆಂಕಟಮ್ಮ ಎಲ್ಲರಿಗೂ ಸದ್ದು ಮಾಡಬೇಡಿ ಎಂದು ಹೇಳುವ ಸದ್ದು ಇಡೀ ಓಣಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅರಳಿಕಟ್ಟೆಯವರೆಗೂ ಕೇಳುತ್ತಿತ್ತು. ಕಾಂತರಾಜು ಒಂದು ದಿನ ವ್ಯಾನು ನಿಲ್ಲಿಸಿ ಊಟಕ್ಕೆ ಬಂದವನು ತಾಯಿಯ ಆರ್ಭಟ ಕೇಳಿ ಗಾಬರಿಯಾಗಿ ಕೋಣೆಯ ಬಾಗಿಲು ತಳ್ಳಿದ.

ಒಳಗೆ ಗಟ್ಟಿ ಕತ್ತಲೆ. "ಎಚ್ಚರ ಇದ್ಯಾ?" ಎಂದು ಕೇಳಿದ.

"ಈಗ ಆಯ್ತು."

"ಅವ್ವಂಗೆ ಹೇಳ್ಲಾ, ಸ್ವಲ್ಪ ಮೆತ್ತಗೆ ಅಂತ?"

ಹೊರಗೆ ಮುನಿವೆಂಕಟಮ್ಮ ಯಾರಿಗೋ ಅವರ ಮೂರು ತಲೆಮಾರಿನ ಸೋಮಾರಿಗಳ ಹೆಸರನ್ನು ಒಂದೊಂದಾಗಿ ನೆನಪಿಸಿಕೊಡುತ್ತಿದ್ದಳು.

"ಬ್ಯಾಡ," ಎಂದಳು ಮಮತ. "ಹೇಳಿದ್ರೆ ಎದ್ದು ಹಿತ್ತಲಿಗೆ ಹೋಗ್ಬಿಡ್ತಾರೆ. ಬಾಗ್ಲು ಹಾಕ್ಕೊಳಿ, ಬೆಳಕು ಬರ್ತಾ ಐತೆ."

ಅವನು ಬಾಗಿಲು ಎಳೆದುಕೊಂಡ. ಅವಳು ಗೋಡೆಯ ಕಡೆಗೆ ತಿರುಗಿದಳು. ಜಗಳ ಇನ್ನೂ ಎರಡನೆಯ ತಲೆಮಾರಿನಲ್ಲಿ ಇರುವಾಗಲೇ ನಿದ್ದೆ ಹೋದಳು.